ಕುಡಿದವರ ಕೈಗೆ ಕೀ ಕೊಡದ ಅಂಗಡಿ

ಮಡಿಕೇರಿಯ ಈ ಬ್ಯಾಟರಿ ಸ್ಕೂಟರ್ ಬಾಡಿಗೆ ಅಂಗಡಿಗೆ ನಾನು ಐದರಲ್ಲಿ ನಾಲ್ಕು ಸ್ಟಾರ್ ಕೊಟ್ಟಿದ್ದೇನೆ. ಒಂದು ಯಾಕೆ ಕಡಿಮೆ ಅಂತ ಕೊನೆಗೆ ಬರೆಯುತ್ತೇನೆ. ನಾಲ್ಕು ಯಾಕೆ ಕೊಟ್ಟೆ ಅನ್ನುವುದನ್ನು ಮೊದಲು ಹೇಳಬೇಕು. ಸ್ವಲ್ಪ ಉದ್ದ ಆಗುತ್ತದೆ, ಆದರೂ ಓದಿ.

ನಾನು ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ತೋಟದ ಲೆಕ್ಕಪತ್ರ ಬರೆಯುವವನು. 22 ವರ್ಷ ಆಯಿತು. ಮೇ ತಿಂಗಳಲ್ಲಿ ನನ್ನ ಹಳೇ ಪೆಟ್ರೋಲ್ ಸ್ಕೂಟರ್ ಇಂಜಿನ್ ಕೆಲಸಕ್ಕೆ ಗ್ಯಾರೇಜ್ ಸೇರಿತ್ತು. ಅದೇ ವಾರ ಮಡಿಕೇರಿಯಲ್ಲಿ ಮಗಳ ಕಾಲೇಜಿನ ಓಡಾಟ, ಜೊತೆಗೆ ಗೆಳೆಯನ ಮಗನ ಮದುವೆ. ಮೂರು ದಿನಕ್ಕೆ ಒಂದು ಗಾಡಿ ಬೇಕಿತ್ತು. ದಿನಕ್ಕೆ 700 ರೂಪಾಯಿ ಬಾಡಿಗೆ, 2,000 ಅಡ್ವಾನ್ಸ್. ಹಸಿರು ನಂಬರ್ ಪ್ಲೇಟಿನ ಮೇಲೆ ಹಳದಿ ಅಕ್ಷರ ಇತ್ತು. ಅಂದರೆ ಬಾಡಿಗೆಗೆ ಅಂತಲೇ ರಿಜಿಸ್ಟರ್ ಆದ ಗಾಡಿ. ಬಿಳಿ ಅಕ್ಷರ ಇದ್ದರೆ ಅದು ಸ್ವಂತ ಬಳಕೆಯದು, ಅಂಥದ್ದನ್ನು ಬಾಡಿಗೆಗೆ ತೆಗೆದುಕೊಳ್ಳಬೇಡಿ.

ಅಂಗಡಿ ನಡೆಸುವವರು ಒಬ್ಬ ಹೆಂಗಸು. ನನಗಿಂತ ಹತ್ತು ವರ್ಷ ಚಿಕ್ಕವರಿರಬಹುದು. ಲೈಸೆನ್ಸ್ ನೋಡಿದರು, ಫೋಟೋ ತೆಗೆದುಕೊಂಡರು. ಆಮೇಲೆ ಕೇಳಿದರು, "ಎಂತ ಅಣ್ಣಾ, ಮದುವೆಗಾ?"

ಹೌದು ಅಂದೆ.

"ಹಾಗಾದ್ರೆ ಎರಡು ನಿಮಿಷ ಕೂತ್ಕೊಳ್ಳಿ."

ಕೂತೆ. ಲ್ಯಾಮಿನೇಟ್ ಮಾಡಿದ ಒಂದು ಹಾಳೆ ಕೊಟ್ಟು ಓದಲು ಹೇಳಿದರು. ಕನ್ನಡದಲ್ಲೇ ಇತ್ತು. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಜಾಸ್ತಿ ಆಲ್ಕೋಹಾಲ್ ಇದ್ದು ಗಾಡಿ ಓಡಿಸಿದರೆ, ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ. ಎರಡೂ ಆಗಬಹುದು. ಮತ್ತೆ ಸಿಕ್ಕಿಬಿದ್ದರೆ 2 ವರ್ಷದವರೆಗೆ ಜೈಲು ಅಥವಾ 15,000 ದಂಡ. ಅಲ್ಲೂ ಎರಡೂ ಆಗಬಹುದು. 2019ರ ತಿದ್ದುಪಡಿಗೆ ಮೊದಲು ಮೊದಲ ಸಲದ ದಂಡ ಜಾಸ್ತಿ ಅಂದರೆ 2,000 ಇತ್ತು. ನಮ್ಮ ಕಡೆ ಎಷ್ಟೋ ಜನ ಇನ್ನೂ ಆ ಹಳೇ ಲೆಕ್ಕದಲ್ಲೇ ಇದ್ದಾರೆ.

"ಬ್ಯಾಟರಿ ಗಾಡಿಗೂ ಇದೇನಾ?" ಅಂತ ಕೇಳಿದೆ. ಉತ್ತರ ನನಗೆ ಗೊತ್ತಿತ್ತು. ಅವರು ಏನು ಹೇಳುತ್ತಾರೆ ಅಂತ ನೋಡಬೇಕಿತ್ತು.

"ಇದೇ ಅಣ್ಣಾ. ಕಾಯ್ದೆಯಲ್ಲಿ ಮೋಟಾರು ವಾಹನ ಅಂತ ಇದೆ. ಪೆಟ್ರೋಲಿಂದ ಓಡ್ತದಾ, ಕರೆಂಟಿಂದ ಓಡ್ತದಾ ಅಂತ ಕೇಳೋದಿಲ್ಲ."

ಆ ಮಾತು ಕೇಳಿ ನನಗೆ ಸಮಾಧಾನವೂ ಆಯಿತು, ಹೊಟ್ಟೆ ಉರಿಯಲೂ ಉರಿಯಿತು. ಯಾಕೆ ಅಂತ ಹೇಳುತ್ತೇನೆ.

ನನ್ನ ಅಕ್ಕನ ಮಗ ಪಿಕಪ್ ಡ್ರೈವರ್. ಕೊಯ್ಲಿನ ಸಮಯದಲ್ಲಿ ತೋಟಗಳಿಂದ ಕಾಫಿ ಮೂಟೆ ಸಾಗಿಸುವುದೇ ಅವನ ವರ್ಷದ ದೊಡ್ಡ ಸಂಪಾದನೆ. ಹಿಂದಿನ ಡಿಸೆಂಬರಿನಲ್ಲಿ ಗೆಳೆಯನ ಮನೆಗೆ ಊಟಕ್ಕೆ ಹೋಗಲು ಬೇರೆ ಊರಿನ ಒಂದು ಅಂಗಡಿಯಿಂದ ಬ್ಯಾಟರಿ ಸ್ಕೂಟರ್ ಬಾಡಿಗೆಗೆ ತಂದಿದ್ದ. ಆ ಅಂಗಡಿಯ ಹುಡುಗ ಅವನಿಗೆ ಹೇಳಿದ್ದು ಇಷ್ಟೇ: "ಇದು ಬ್ಯಾಟರಿ ಗಾಡಿ, ಪೊಲೀಸರು ಕೈ ಹಾಕಲ್ಲ, ಆರಾಮಾಗಿ ಹೋಗಿ." ಇವನು ನಂಬಿದ. ಪಿಕಪ್ ಓಡಿಸುವ ದಿನ ಒಂದು ಹನಿ ಮುಟ್ಟದ ಹುಡುಗ ಅವನು. ಬ್ಯಾಟರಿ ಸ್ಕೂಟರ್ ಅಲ್ವಾ ಅಂತ ಅವತ್ತು ಕುಡಿದ.

ಕುಶಾಲನಗರದ ಹತ್ತಿರ ರಾತ್ರಿ ಹತ್ತೂವರೆಗೆ ಪೊಲೀಸರು ನಿಲ್ಲಿಸಿದರು. ಊದು ಅಂದರೆ ಊದಲಿಲ್ಲ. ಇದು ಮೋಟಾರು ವಾಹನವೇ ಅಲ್ಲ ಅಂತ ವಾದ ಮಾಡಿದ. ಊದಲು ಒಪ್ಪದವರನ್ನು, ಕುಡಿದಿದ್ದಾರೆ ಅನ್ನುವ ಅನುಮಾನ ಇದ್ದರೆ, ವಾರಂಟ್ ಇಲ್ಲದೆ ಹಿಡಿಯಬಹುದು ಅಂತ ಅದೇ ಕಾಯ್ದೆಯ 203ನೇ ಸೆಕ್ಷನ್ ಹೇಳುತ್ತದೆ. ಅವನಿಗೆ ಅದು ಎಲ್ಲಿ ಗೊತ್ತಿರಬೇಕು. ನನಗೆ ಫೋನ್ ಬಂದಾಗ ಹನ್ನೊಂದೂವರೆ. ನಾನು ತೋಟದ ಜೀಪ್ ಕೇಳಿ ತಗೊಂಡು ಆನೆಕಾಡು ದಾಟಿ ಹೋದೆ. ಆ ರಸ್ತೆಯಲ್ಲಿ ಆನೆ ಅಡ್ಡ ಬರುವ ಭಯ ಬೇರೆ.

ಅಲ್ಲೇ ದಂಡ ಕಟ್ಟಿ ಬಿಡಿಸಿಕೊಂಡು ಬರೋಣ ಅಂದುಕೊಂಡಿದ್ದೆ. ಇದು ಹಾಗಲ್ಲ. ಹೆಲ್ಮೆಟ್ ಇಲ್ಲದ್ದಕ್ಕೆ ರಸ್ತೆಯಲ್ಲೇ ರಸೀದಿ ಹರಿದು ಕೊಡುತ್ತಾರೆ. ಕುಡಿದು ಓಡಿಸಿದ್ದಕ್ಕೆ ಮ್ಯಾಜಿಸ್ಟ್ರೇಟ್ ಮುಂದೆಯೇ ನಿಲ್ಲಬೇಕು. ನಿಂತ. ನಾನೂ ಜೊತೆಗೆ ಹೋಗಿದ್ದೆ. ಬೆಳಿಗ್ಗೆ ಹತ್ತಕ್ಕೆ ಹೋದವರ ಹೆಸರು ಕೂಗಿದ್ದು ಮಧ್ಯಾಹ್ನ ಮೂರಕ್ಕೆ. ತಪ್ಪು ಒಪ್ಪಿಕೊಂಡ. 10,000 ಕಟ್ಟಿದೆವು. ಅದಕ್ಕೆ ಅಕ್ಕ ಕಿವಿಯ ಓಲೆ ಅಡ ಇಟ್ಟಿದ್ದಳು.

ದಂಡ ಒಂದೇ ಆಗಿದ್ದರೆ ಹೇಗೋ ಆಗುತ್ತಿತ್ತು. ಲೈಸೆನ್ಸ್ ವಶಕ್ಕೆ ತೆಗೆದುಕೊಂಡು ಆರ್‌ಟಿಒಗೆ ಕಳಿಸಿದ್ದರು, ಆರು ತಿಂಗಳು ಅಮಾನತಾಯಿತು. ಸ್ಕೂಟರ್‌ನಲ್ಲಿ ಸಿಕ್ಕಿಬಿದ್ದರೂ ಲೈಸೆನ್ಸ್ ಒಂದೇ ಅಲ್ವಾ? ಪಿಕಪ್ ಓಡಿಸುವುದೂ ನಿಂತಿತು. ಇಡೀ ಕೊಯ್ಲು ಹೋಯಿತು. ಇದರ ಮೇಲೆ ಆ ಬಾಡಿಗೆ ಅಂಗಡಿಯವರು, ಸ್ಕೂಟರ್ ಸ್ಟೇಷನ್‌ನಲ್ಲಿ ನಿಂತ ಅಷ್ಟೂ ದಿನದ ಬಾಡಿಗೆ ವಸೂಲಿ ಮಾಡಿದರು. ಪೊಲೀಸರು ಕೈ ಹಾಕಲ್ಲ ಅಂದ ಹುಡುಗ ಆಮೇಲೆ ನಮ್ಮ ಫೋನೇ ಎತ್ತಲಿಲ್ಲ. ಅವತ್ತು ಕೀ ಕೊಡುವಾಗ ಒಂದು ಸರಿಯಾದ ಮಾತು ಹೇಳಿದ್ದರೆ ಸಾಕಿತ್ತು. ನನಗೆ ಈಗಲೂ ಸಂಕಟ ಆಗುವುದು ಅದಕ್ಕೇ.

ಹಾಗಾಗಿ ಮಡಿಕೇರಿಯ ಈ ಅಂಗಡಿಯಲ್ಲಿ ಆ ಹಾಳೆ ನೋಡಿದಾಗ ನಾನು ಪೂರ್ತಿ ಓದಿದೆ. ಓದುತ್ತಿರುವಾಗಲೇ ಮೂರು ಹುಡುಗರು ಬಂದರು. ಟೂರಿಸ್ಟ್‌ಗಳು. ಹೊರಗೆ ನಿಲ್ಲಿಸಿದ್ದ ಎರಡು ಸಣ್ಣ ಸ್ಕೂಟರ್ ತೋರಿಸಿ, ಅದಕ್ಕೆ ಲೈಸೆನ್ಸ್ ಬೇಡವಂತಲ್ಲ, ಹಾಗಾದರೆ ಕುಡಿದು ಓಡಿಸಿದರೂ ಕೇಸ್ ಇಲ್ಲ ಅಲ್ವಾ ಅಂತ ಕೇಳಿದರು. ನೇರವಾಗಿಯೇ ಕೇಳಿದರು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿಲೋಮೀಟರ್‌ಗಿಂತ ಕಡಿಮೆ ಇರುವ ಬ್ಯಾಟರಿ ಗಾಡಿಯನ್ನು ನಿಯಮ ಮೋಟಾರು ವಾಹನ ಅಂತ ಲೆಕ್ಕ ಹಾಕುವುದಿಲ್ಲ. ಅದಕ್ಕೆ ರಿಜಿಸ್ಟ್ರೇಷನ್ ಬೇಡ, ಲೈಸೆನ್ಸ್ ಬೇಡ. 185 ಕೂಡ ಮೋಟಾರು ವಾಹನಕ್ಕೆ ಮಾತ್ರ. ಜನ ಬ್ಯಾಟರಿ ಗಾಡಿಗೆ ಕೇಸಿಲ್ಲ ಅನ್ನುವುದು ಇದನ್ನೇ ಅರ್ಧ ಕೇಳಿಕೊಂಡು. ಉಳಿದ ಅರ್ಧವನ್ನು ಆ ಹೆಂಗಸು ಹುಡುಗರಿಗೆ ಹೇಳಿದರು. 2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 281 ಅಂತ ಒಂದು ಸೆಕ್ಷನ್ ಇದೆ. ಅದರಲ್ಲಿ ‘ಯಾವುದೇ ವಾಹನ’ ಅಂತ ಇದೆ. ಜನರ ಜೀವಕ್ಕೆ ಅಪಾಯ ಆಗುವ ಹಾಗೆ ರಸ್ತೆಯಲ್ಲಿ ಓಡಿಸಿದರೆ 6 ತಿಂಗಳವರೆಗೆ ಜೈಲು. ಯಾರಾದರೂ ಸತ್ತರೆ 106ನೇ ಸೆಕ್ಷನ್, 5 ವರ್ಷದವರೆಗೆ. ಕುಡಿದು ರಸ್ತೆಯಲ್ಲಿ ಗಲಾಟೆ ಮಾಡಿದರೆ ಅದಕ್ಕೇ ಬೇರೆ ಸೆಕ್ಷನ್ ಇದೆ. ಇನ್ನು ವೈರ್ ಕಿತ್ತು ಸ್ಪೀಡ್ ಜಾಸ್ತಿ ಮಾಡಿಸಿದ ಸಣ್ಣ ಗಾಡಿ ಆದರೆ ಕಥೆಯೇ ಬೇರೆ. 25 ದಾಟಿದರೆ ಅದು ಮೋಟಾರು ವಾಹನವೇ. ರಿಜಿಸ್ಟ್ರೇಷನ್ ಇಲ್ಲ, ಇನ್ಶೂರೆನ್ಸ್ ಇಲ್ಲ. ಯಾರಿಗಾದರೂ ಗುದ್ದಿದರೆ ಪರಿಹಾರ ಕೈಯಿಂದಲೇ ಕಟ್ಟಬೇಕು.

"ಇನ್ಶೂರೆನ್ಸ್ ಇರೋ ಗಾಡಿ ಕೊಡ್ತೇನೆ ತಮ್ಮಾ," ಅಂದರು, "ಆದ್ರೆ ಕುಡಿದು ಬೀಳಿಸಿದ್ರೆ ಗಾಡಿ ರಿಪೇರಿ ದುಡ್ಡು ಕಂಪನಿ ಕೊಡಲ್ಲ. ನೀವೇ ಕೊಡ್ಬೇಕು. ಕುಡೀತೀರಿ ಅಂತ ಗೊತ್ತಿದ್ದೂ ಕೀ ಕೊಟ್ರೆ ನನ್ನ ಮೇಲೂ ಕೇಸ್ ಆಗ್ಬಹುದು."

ಕೊನೆಯ ಮಾತು ಬೆದರಿಸಲು ಹೇಳಿದ್ದಲ್ಲ. ಕುಡಿದು ಓಡಿಸುವವರಿಗೆ ಕುಮ್ಮಕ್ಕು ಕೊಟ್ಟವರಿಗೂ ಅದೇ ಶಿಕ್ಷೆ ಅಂತ ಮೋಟಾರು ವಾಹನ ಕಾಯ್ದೆಯ 188ನೇ ಸೆಕ್ಷನ್‌ನಲ್ಲಿ ಇದೆ. ಆ ಹುಡುಗರಿಗೆ ಗಾಡಿ ಕೊಡಲಿಲ್ಲ. ಮೂರು ಜನ, ಎರಡು ದಿನ, ಒಳ್ಳೇ ವ್ಯಾಪಾರ. ಬಿಟ್ಟುಕೊಟ್ಟರು. ಒಬ್ಬ ಹೋಗುವಾಗ, ನಾವು ಬರೀ ಹೋಮ್ ಮೇಡ್ ವೈನ್ ಕುಡಿಯೋದು ಅಂದ. ಇಲ್ಲಿಗೆ ಬರುವ ತುಂಬಾ ಜನ ಹೀಗೇ ತಿಳಿದಿದ್ದಾರೆ. ವೈನ್ ಅಂದರೆ ಜ್ಯೂಸ್ ಅಲ್ಲ. ಊದುವ ಮೆಷಿನ್‌ಗೆ ದ್ರಾಕ್ಷಿ, ವಿಸ್ಕಿ ಎಲ್ಲ ಒಂದೇ.

ಈಗ ಮದುವೆಯ ಹಿಂದಿನ ರಾತ್ರಿಯ ಮಾತು. ನಮ್ಮ ಕಡೆ ಮದುವೆ ಅಂದರೆ ಗೊತ್ತಲ್ಲ, ಪಂದಿ ಕರಿ, ಕಡಂಬಿಟ್ಟು, ವಾಲಗ, ಜೊತೆಗೆ ಗ್ಲಾಸು. ನಾನು ಎಂಟೂವರೆಗೆ ಶುರು ಮಾಡಿ ಹನ್ನೆರಡರ ಹೊತ್ತಿಗೆ ನಾಲ್ಕು ದೊಡ್ಡ ಪೆಗ್ ಮುಗಿಸಿದ್ದೆ. ಹೊರಗೆ ಮಳೆ ಬಂದು ನಿಂತಿತ್ತು, ಮಂಜು ಇಳಿದಿತ್ತು. ಮನೆಗೆ 15 ಕಿಲೋಮೀಟರ್. ಬೋಯಿಕೇರಿ, ಕೆದಕಲ್ ತಿರುವುಗಳು. ಒಬ್ಬರು ಹೆಗಲ ಮೇಲೆ ಕೈ ಹಾಕಿ ಹೇಳಿದರು, "ಬಾವ, ಬ್ಯಾಟರಿ ಗಾಡಿ ತಾನೇ, ಮೆಲ್ಲ ಹೋದ್ರಾಯ್ತು."

ಬ್ಯಾಟರಿ ಗಾಡಿ ಕುಡಿದವರಿಗೆ ಪೆಟ್ರೋಲ್ ಗಾಡಿಗಿಂತ ಅಪಾಯ ಅಂತಲೇ ನನ್ನ ಅಭಿಪ್ರಾಯ. ಸದ್ದು ಇಲ್ಲ. ಆನ್ ಆಗಿದೆಯೋ ಆಫ್ ಆಗಿದೆಯೋ ಕಿವಿಗೆ ಗೊತ್ತಾಗುವುದಿಲ್ಲ. ನಿಂತಲ್ಲೇ ಕೈ ತಿರುಗಿದರೆ ಗಾಡಿ ತಕ್ಷಣ ಮುಂದೆ ಹಾರುತ್ತದೆ. 185ರಲ್ಲಿ ಓಡಿಸಲು ಪ್ರಯತ್ನಿಸಿದರೂ ಅಪರಾಧ ಅಂತ ಇದೆ. ಮಂಟಪದ ಗೇಟ್ ದಾಟುವ ಮೊದಲೇ ಕೇಸ್ ಆಗಬಹುದು.

ಹಾಳೆಯ ಕೆಳಗೆ ಒಂದು ನಂಬರ್ ಇತ್ತು. ಮದುವೆ ಸೀಸನ್‌ನಲ್ಲಿ ರಾತ್ರಿ ಒಂದರವರೆಗೆ ಫೋನ್ ಎತ್ತುತ್ತಾರೆ. ಮಾಡಿದೆ. ಇಪ್ಪತ್ತು ನಿಮಿಷದಲ್ಲಿ ಅಂಗಡಿಯ ಹುಡುಗರಿಬ್ಬರು ಬಂದರು. ಒಬ್ಬ ನನ್ನ ಗಾಡಿ ಅಂಗಡಿಗೆ ತೆಗೆದುಕೊಂಡು ಹೋದ. 200 ರೂಪಾಯಿ ತಗೊಂಡರು. ನಾನು ಮದುವೆ ಮನೆಯವರ ರೂಮಿನಲ್ಲೇ ಮಲಗಿದೆ.

ಬೆಳಿಗ್ಗೆ ಆರೂಕಾಲಿಗೆ ಅಂಗಡಿ ಬಾಗಿಲಿಗೆ ಹೋದೆ. ಮಗಳನ್ನು ಕರೆದುಕೊಂಡು ಬರಬೇಕಿತ್ತು. ತಲೆ ನೆಟ್ಟಗಿತ್ತು, ಸ್ನಾನ ಆಗಿತ್ತು, ಕಾಫಿ ಕುಡಿದಿದ್ದೆ. ಅವರು ಕೈಯಲ್ಲಿ ಹಿಡಿಯುವ ಸಣ್ಣ ಮೆಷಿನ್ ಕೊಟ್ಟು ಊದಿ ಅಂದರು. 0.05 ತೋರಿಸಿತು. ಅಂದರೆ 50 ಮಿಲಿಗ್ರಾಂ. ಮಿತಿ 30. ನನಗೆ ನಂಬಲಿಕ್ಕೇ ಆಗಲಿಲ್ಲ. ಮೈ ಗಂಟೆಗೆ ಸುಮಾರು 15 ಮಿಲಿಗ್ರಾಂ ಮಾತ್ರ ಇಳಿಸುತ್ತದಂತೆ. ಕಾಫಿ, ತಣ್ಣೀರು, ಮೊಸರು ಯಾವುದೂ ಅದನ್ನು ಬೇಗ ಮಾಡುವುದಿಲ್ಲ. ಒಂದು ದೊಡ್ಡ ಪೆಗ್ಗೇ 60 ಕೆಜಿಯ ಮನುಷ್ಯನನ್ನು 30 ದಾಟಿಸಬಹುದು. ನಾನು ನಾಲ್ಕು ಹಾಕಿದ್ದೆ. ಇಷ್ಟು ವರ್ಷ ಎಷ್ಟು ಬೆಳಗ್ಗೆ ನಾನು ಹೀಗೇ ಮಗಳನ್ನು ಹಿಂದೆ ಕೂರಿಸಿಕೊಂಡು ಶಾಲೆಗೆ ಬಿಟ್ಟಿದ್ದೇನೋ ಅಂತ ಆ ಬೆಂಚಿನ ಮೇಲೆ ಕೂತು ಯೋಚಿಸಿದೆ. ಮಗಳಿಗೆ ಫೋನ್ ಮಾಡಿ ಬಸ್ಸಲ್ಲಿ ಬಾ ಅಂದೆ. ಒಂಬತ್ತಕ್ಕೆ ಮತ್ತೆ ಊದಿಸಿ, ಸರಿ ಇದೆ ಅಂತ ನೋಡಿ ಕೀ ಕೊಟ್ಟರು. ಕಾದ ಹೊತ್ತಿಗೆ ಚಹಾ ಅವರೇ ತರಿಸಿದ್ದರು.

ಇನ್ನು ಕಡಿಮೆ ಆದ ಒಂದು ಸ್ಟಾರ್. ಗಾಡಿಯ ಡಿಸ್‌ಪ್ಲೇಯಲ್ಲಿ 80 ಕಿಲೋಮೀಟರ್ ಅಂತ ತೋರಿಸಿದರೂ ನಮ್ಮ ಏರು ಇಳಿತಗಳಲ್ಲಿ ನನಗೆ ಸಿಕ್ಕಿದ್ದು 55. ಇದನ್ನು ಮೊದಲೇ ಹೇಳಬೇಕಿತ್ತು. ಎರಡನೇ ಹೆಲ್ಮೆಟ್ ಒದ್ದೆಯಾಗಿತ್ತು, ಮಗಳ ತಲೆಗೆ ಸಣ್ಣದೂ ಆಯಿತು. ಮಳೆಗಾಲ ಹತ್ತಿರ ಬಂದರೂ ರೈನ್‌ಕೋಟ್ ಇಟ್ಟಿಲ್ಲ. ಅಡ್ವಾನ್ಸ್ ವಾಪಸ್ ಬರಲು ನಾಲ್ಕು ದಿನ ಆಯಿತು, ಎರಡು ಸಲ ನೆನಪಿಸಬೇಕಾಯಿತು. ಕುಡಿತದ ಹಾಳೆ ಕನ್ನಡದಲ್ಲಿ ಇದೆ, ಆದರೆ ಸೈನ್ ಹಾಕುವ ಕರಾರು ಪೂರ್ತಿ ಇಂಗ್ಲಿಷ್. ಅದನ್ನೂ ಕನ್ನಡದಲ್ಲಿ ಮಾಡಿ ಅಂತ ಹೇಳಿ ಬಂದಿದ್ದೇನೆ. ಗಾಡಿ ಮಾತ್ರ ಚೆನ್ನಾಗಿತ್ತು. ಬ್ರೇಕ್ ಹೊಸದು, ಟೈರ್ ಹೊಸದು.

ಅಕ್ಕನ ಮಗನಿಗೆ ಲೈಸೆನ್ಸ್ ವಾಪಸ್ ಸಿಕ್ಕಿದೆ, ಮತ್ತೆ ಪಿಕಪ್ ಓಡಿಸುತ್ತಿದ್ದಾನೆ. ಅವನ ಗೆಳೆಯರು ಮಡಿಕೇರಿ ದಸರಾಕ್ಕೆ ಗಾಡಿ ಬೇಕು ಅಂದಾಗ ಇದೇ ಅಂಗಡಿಯ ನಂಬರ್ ಕೊಟ್ಟಿದ್ದಾನೆ. ನೀವೂ ದಸರಾ ಮೆರವಣಿಗೆಯ ಹತ್ತು ಮಂಟಪ ನೋಡಲು ರಾತ್ರಿ ಪೂರ್ತಿ ಇರುವವರಾದರೆ ಒಂದು ವಾರ ಮೊದಲೇ ಹೇಳಿಡಿ. ರಾತ್ರಿ ಗಾಡಿ ಅಂಗಡಿಗೆ ತೆಗೆದುಕೊಂಡು ಹೋಗುವ ಹುಡುಗರೂ ಬೇಕು ಅಂತ ಆಗಲೇ ಹೇಳಿ. ಅವತ್ತು ಇರುವುದು ಇಬ್ಬರೇ.