ರಾಯಚೂರಿನ ಬಿಸಿಲಿಗೆ ಪಂಚ್ ಫೇಸ್ ಬೆಕ್ಕು ತರುವವರೇ, ಸ್ವಲ್ಪ ತಡೆಯಿರಿ

ನಮ್ಮ ರಾಯಚೂರು, ಬಳ್ಳಾರಿ, ಕೊಪ್ಪಳ ಕಡೆ ಯಾರಾದರೂ ಪರ್ಷಿಯನ್ ಬೆಕ್ಕಿಗೆ ಅಡ್ವಾನ್ಸ್ ಕಳಿಸುವುದಿದ್ದರೆ ಮೊದಲು ಇದನ್ನು ಓದಿ. ಅದರಲ್ಲೂ ‘ಪಂಚ್ ಫೇಸ್’ ಅಂತ ಮಾರುವ ಮರಿ ಬೇಡವೇ ಬೇಡ.

ಈ ವ್ಯಾಪಾರದಲ್ಲಿ ಮೂಗು ಸ್ವಲ್ಪ ಎದ್ದು ಕಂಡರೆ ಡಾಲ್ ಫೇಸ್, ಕಣ್ಣುಗಳ ನಡುವೆ ಹೂತು ಹೋದಂತಿದ್ದರೆ ಪಂಚ್ ಫೇಸ್. ಮೂಗು ಒಳಗೆ ಹೋದಷ್ಟೂ ರೇಟು ಜಾಸ್ತಿ. ಬೆಂಗಳೂರಿನ ಒಬ್ಬ ಮಾರಾಟಗಾರ ನಮಗೆ ವಾಟ್ಸಾಪಿನಲ್ಲಿ ವಿಡಿಯೋ ಕಳಿಸಿದ. “ನಮ್ಮಲ್ಲಿ ಬಿಸಿಲು ಭಾಳ ಅದ, ತಡಕೊಂತದೇನ್ರಿ?” ಅಂತ ನಮ್ಮ ಯಜಮಾನರು ಕೇಳಿಯೇ ಕೇಳಿದರು. “ಫ್ಯಾನ್ ಇದ್ರೆ ಸಾಕು ಸಾರ್. ಎರಡು ತಿಂಗಳ ಮರಿ, ವ್ಯಾಕ್ಸಿನ್ ಎಲ್ಲಾ ಆಗಿದೆ” ಅಂದ. ಮರಿ ಬಂದಿದ್ದು ರಾತ್ರಿ ಬಸ್ಸಿನ ಡಿಕ್ಕಿಯಲ್ಲಿ, ರಟ್ಟಿನ ಪೆಟ್ಟಿಗೆಯೊಳಗೆ. ಉಸಿರಾಟಕ್ಕೆ ತೊಂದರೆ ಅಂತ ಎಷ್ಟೋ ವಿಮಾನ ಕಂಪನಿಗಳು ಚಪ್ಪಟೆ ಮುಖದ ಬೆಕ್ಕುಗಳನ್ನು ಹತ್ತಿಸಿಕೊಳ್ಳುವುದೇ ಇಲ್ಲ!

ಪಶು ಡಾಕ್ಟರು ಹಲ್ಲು ನೋಡಿ, ಎರಡು ತಿಂಗಳು ಖಂಡಿತ ಆಗಿಲ್ಲ ಅಂದರು. ವ್ಯಾಕ್ಸಿನ್ ಕಾರ್ಡಿನಲ್ಲಿ ಸ್ಟಿಕ್ಕರೂ ಇಲ್ಲ, ಸಹಿಯೂ ಇಲ್ಲ. ಕಿವಿಯ ಹಿಂದೆ ಕೂದಲು ಉದುರಿ ದುಂಡಗೆ ಬೋಳಾಗಿತ್ತು. ಹುಳುಕಡ್ಡಿ. ಅದು ಮನುಷ್ಯರಿಗೂ ಅಂಟುತ್ತದೆ. ಮಗಳ ಕುತ್ತಿಗೆಗೆ ಬಂತು, ಆಮೇಲೆ ನಮ್ಮ ಅತ್ತೆಯ ಕೈಗೆ. ಉದುರಿದ ಕೂದಲಲ್ಲಿ ಆ ಫಂಗಸ್ ತಿಂಗಳುಗಟ್ಟಲೆ ಬದುಕಿರುತ್ತದಂತೆ. ಚಾದರ, ದಿಂಬು, ಸೋಫಾ ಕವರು ಒಗೆದು ಒಗೆದು ಸಾಕಾಯಿತು.

ಅಸಲಿ ಕಷ್ಟ ಶುರುವಾಗಿದ್ದು ಏಪ್ರಿಲ್‌ನಲ್ಲಿ. ಇಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಮಧ್ಯಾಹ್ನ ಕರೆಂಟು ಹೋಯಿತು, ಕೂಲರ್ ನಿಂತಿತು. (ಶಕ್ತಿನಗರದಲ್ಲಿ ಅಷ್ಟು ದೊಡ್ಡ ಥರ್ಮಲ್ ಪ್ಲಾಂಟ್ ಇಟ್ಟುಕೊಂಡು ನಮಗೆ ಈ ಗತಿ, ಇರಲಿ ಬಿಡಿ.) ನೋಡನೋಡುತ್ತಲೇ ಬೆಕ್ಕು ಬಾಯಿ ತೆರೆದು ಏದುಸಿರು ಬಿಡತೊಡಗಿತು. ನಾಯಿ ಹಾಗೆ ಮಾಡಿದರೆ ಸಹಜ, ಬೆಕ್ಕು ಮಾಡಿದರೆ ಅಪಾಯ. ಇವುಗಳ ಮೂಗಿನ ಹೊಳ್ಳೆ ಸಣ್ಣದು, ಒಳಗಿನ ದಾರಿಯೂ ಇಕ್ಕಟ್ಟು. ಬೆವರುವುದು ಪಾದದಲ್ಲಿ ಮಾತ್ರ. ಮೇಲೆ ಅಷ್ಟು ದಟ್ಟ ಕೂದಲು. ಮೈಯ ಬಿಸಿ ಹೊರಗೆ ಹೋಗುವುದಾದರೂ ಹೇಗೆ? ಐಸ್ ನೀರು ಹಾಕಬೇಡಿ ಅಂತ ಡಾಕ್ಟರು ಫೋನಿನಲ್ಲೇ ಹೇಳಿದರು. ಸಾದಾ ನೀರಲ್ಲಿ ಪಾದ, ಕಿವಿ, ಹೊಟ್ಟೆ ಒದ್ದೆ ಮಾಡಿ, ಗಾಳಿ ಬೀಸುತ್ತಲೇ ಆಸ್ಪತ್ರೆಗೆ ಒಯ್ದೆವು. ಪುಣ್ಯಕ್ಕೆ ಉಳಿಯಿತು.

ಮಾರಾಟಗಾರನಿಗೆ ಫೋನ್ ಮಾಡಿದರೆ “ನೀವೇ ಸರಿಯಾಗಿ ನೋಡ್ಕೊಂಡಿಲ್ಲ ಮೇಡಂ” ಅಂದ. ಆಮೇಲೆ ನಂಬರ್ ಬ್ಲಾಕ್.

2018ರ ಪೆಟ್ ಶಾಪ್ ನಿಯಮದ ಪ್ರಕಾರ ಅಂಗಡಿಯವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ಆ ಸರ್ಟಿಫಿಕೇಟ್ ಕೇಳಿ. ಮರಿಯ ಅಪ್ಪ ಅಮ್ಮನಿಗೆ ಪಿಕೆಡಿ ಟೆಸ್ಟ್ ಆಗಿದೆಯಾ ಅಂತಲೂ ಕೇಳಿ. ಪರ್ಷಿಯನ್‌ಗಳಲ್ಲಿ ವಂಶದಿಂದ ಬರುವ ಕಿಡ್ನಿ ರೋಗ ಅದು, ಒಂದಕ್ಕಿದ್ದರೂ ಮರಿಗೆ ಬರಬಹುದು. ತಡವರಿಸಿದರೆ ಅಲ್ಲಿಗೇ ಮಾತು ಮುಗಿಸಿ.

ಮನೆಯಲ್ಲಿ ಈಗಾಗಲೇ ಇಂಥ ಬೆಕ್ಕಿದ್ದರೆ ದಿನಾ ಕಣ್ಣೀರು ಒರೆಸಬೇಕು, ಕೂದಲು ಬಾಚಬೇಕು. ಬಟ್ಟಲಿನ ಬದಲು ಅಗಲ ತಟ್ಟೆಯಲ್ಲಿ ಊಟ ಹಾಕಿ. ಮಧ್ಯಾಹ್ನ ಮಾಳಿಗೆ ಕೋಣೆಯಲ್ಲಿ ಬಿಡಬೇಡಿ, ಕೆಳಗೆ ಶಹಾಬಾದ್ ಕಲ್ಲಿನ ನೆಲ ಇದ್ದರೆ ಅಲ್ಲೇ ಮಲಗಲಿ. ಇನ್ವರ್ಟರ್ ಇಲ್ಲದಿದ್ದರೆ ಬೇಸಿಗೆಗೆ ಮುಂಚೆಯೇ ಹಾಕಿಸಿಕೊಳ್ಳಿ.