ಕೋವಿಯ ನಳಿಗೆ ಮೂಲದ್ದೋ ಬದಲಿಯೋ: ಎರಡು ಎನ್‌ಫೀಲ್ಡ್ ಮೇಲೆ ಮಾಡಿ ನೋಡಿದ್ದು

ಚುನಾವಣೆ ಬಂತೆಂದರೆ ಮೂಡಿಗೆರೆ ಕಡೆ ತೋಟದವರೆಲ್ಲ ಕೋವಿ ಹೊತ್ತುಕೊಂಡು ಠಾಣೆಗೆ ಹೋಗಬೇಕು. ಕಳೆದ ಸಲ ಹಾಗೆ ಜಮಾ ಮಾಡಲು ಹೋದಾಗ ನಮ್ಮ ಕೋವಿಯೂ ದೊಡ್ಡಪ್ಪನದೂ ಗೋಡೆಗೆ ಒರಗಿ ಪಕ್ಕಪಕ್ಕದಲ್ಲೇ ನಿಂತಿದ್ದವು. ಎರಡೂ ಬೆಳೆ ರಕ್ಷಣೆ ಲೈಸೆನ್ಸಿನ ಕೇಪಿನ ಕೋವಿಗಳು, ಅಂದರೆ ಬಾಯಿಂದ ಮದ್ದು ತುಂಬಿ ಕೇಪು ಸಿಡಿಸಿ ಹಾರಿಸುವಂಥವು. ಎರಡೂ ಹಿಂದೆ ಬ್ರಿಟಿಷರ ಸೈನ್ಯದಲ್ಲಿದ್ದ 1853ರ ಮಾದರಿಯ ಎನ್‌ಫೀಲ್ಡ್ ಎಂದೇ ನಮ್ಮ ನಂಬಿಕೆ.

"ನಿಂದು ಒಳಗೆ ನುಣ್ಣಗಿದೆ ಮಾರಾಯ, ಎನ್‌ಫೀಲ್ಡ್ ಅಂದ್ರೆ ಗೀರು ಇರಬೇಕು. ಯಾರೋ ನಳಿಗೆ ಬದಲಾಯ್ಸಿದಾರೆ" ಎಂದರು ದೊಡ್ಡಪ್ಪ. ಗೀರು ಅಂದರೆ ಗುಂಡು ಸುತ್ತುತ್ತ ನೇರ ಹೋಗಲೆಂದು ನಳಿಗೆಯೊಳಗೆ ಕೊರೆದ ಸುರುಳಿ ಗೆರೆ. ತಮ್ಮದರ ಲಾಕ್ (ಪಕ್ಕದಲ್ಲಿರುವ, ಕೇಪಿಗೆ ಹೊಡೆಯುವ ಯಂತ್ರ) ಮೇಲಿನ ಕಿರೀಟ, ಟವರ್ ಎಂಬ ಅಕ್ಷರ, 1856 ಎಂಬ ಇಸವಿ ತೋರಿಸಿದರು. ನಮ್ಮದರ ಮೇಲೆ 1860 ಇದೆ. ಅಲ್ಲಿದ್ದವರೆಲ್ಲ ಅವರ ಕಡೆಯೇ ತಲೆಯಾಡಿಸಿದರು.

ಫಲಿತಾಂಶ ಬಂದು ಕೋವಿ ವಾಪಸ್ ಸಿಕ್ಕ ಮೇಲೆ ದೊಡ್ಡಪ್ಪನ ಮನೆ ಜಗಲಿಯಲ್ಲಿ ಎರಡನ್ನೂ ಮಲಗಿಸಿಕೊಂಡು ಕೂತೆವು. ಮೊದಲು ನಳಿಗೆಯೊಳಗೆ ಸಲಾಕೆ ಬಿಟ್ಟು, ಅದು ಎಷ್ಟು ಇಳಿಯಿತೆಂದು ಗುರುತು ಹಾಕಿ, ಅದೇ ಸಲಾಕೆಯನ್ನು ಹೊರಗೆ ನಳಿಗೆಯ ಪಕ್ಕ ಇಟ್ಟು ನೋಡಿದೆವು. ತುದಿ ಕೇಪು ಕೂರುವ ನಿಪ್ಪಲ್ ಹತ್ತಿರಕ್ಕೆ ಬರಬೇಕು. ಎರಡು ಮೂರು ಇಂಚು ಮೊದಲೇ ನಿಂತರೆ ಒಳಗೆ ಅಜ್ಜನ ಕಾಲದ ಮದ್ದು ಇನ್ನೂ ಕೂತಿರಬಹುದು. ಇದನ್ನು ನೋಡದೆ ಬೇರೆ ಯಾವುದಕ್ಕೂ ಕೈ ಹಾಕಬೇಡಿ.

ಲಾಕ್ ಮೇಲಿನ ಇಸವಿ ಲಾಕಿನ ವಯಸ್ಸು ಹೇಳುತ್ತದೆ, ಅಷ್ಟೇ. ಎರಡು ತಿರುಪು ಬಿಚ್ಚಿದರೆ ಯಾವ ಲಾಕನ್ನು ಯಾವ ಕೋವಿಗೆ ಬೇಕಾದರೂ ಕೂರಿಸಬಹುದು. ಟೇಪು ಸ್ವಲ್ಪ ವಾಸಿ. ನಳಿಗೆಯನ್ನು ಮರಕ್ಕೆ ಬಿಗಿಯುವ ಮೂರು ಪಟ್ಟಿಯ ಎನ್‌ಫೀಲ್ಡ್ ನಳಿಗೆ 39 ಇಂಚು. ನಮ್ಮದು ಸರಿಯಾಗಿ 39, ದೊಡ್ಡಪ್ಪನದು 36 ಬಂತು. ಆದರೆ ಕಾಡಿನ ಪೊದೆಯಲ್ಲಿ ಸಿಕ್ಕಿಕೊಳ್ಳುತ್ತದೆ ಅಂತ ತುದಿ ಕತ್ತರಿಸಿದ ಅಸಲಿ ನಳಿಗೆಗಳೂ ಉಂಟು. ಗಿಡ್ಡ ಇದೆ ಅಂದಮಾತ್ರಕ್ಕೆ ಬದಲಿ ಅಂತ ಹೇಳೋಕಾಗಲ್ಲ.

ಮೊಬೈಲಿಗೆ ಸಿಕ್ಕಿಸುವ ಎಂಡೋಸ್ಕೋಪ್ ಕ್ಯಾಮೆರಾದ ಮೇಲೆ ನನಗೆ ಭಾರಿ ನಂಬಿಕೆ ಇತ್ತು. ಒಂಬೈನೂರು ರೂಪಾಯಿ ಕೊಟ್ಟಿದ್ದೆ. ಅದರಲ್ಲಿ ನೋಡಿದರೆ ದೊಡ್ಡಪ್ಪನ ನಳಿಗೆಯಲ್ಲಿ ಗೀರುಗಳು ಕಂಡವು! ಅವರು ಮೀಸೆ ತಿರುವಿಕೊಂಡರು. ಸಣ್ಣ ಲೈಟು, ತುಕ್ಕು, ಎಣ್ಣೆ ಜಿಡ್ಡು ಸೇರಿದರೆ ಎಲ್ಲವೂ ಗೀರಿನ ಹಾಗೇ ಕಾಣುತ್ತದೆ.

ಸರಿ, ಬಟ್ಟೆ ಪರೀಕ್ಷೆ ಮಾಡೋಣ ಎಂದೆ. ಇದಕ್ಕೆ ದುಡ್ಡಿಲ್ಲ, ಆದರೆ ಕ್ಯಾಮೆರಾಗಿಂತ ನೂರು ಪಾಲು ಮೇಲು. ಎನ್‌ಫೀಲ್ಡಿನ ಒಳಗೆ ಅಗಲವಾದ ಮೂರು ಗೀರು ಇರುತ್ತವೆ. ಅವು 78 ಇಂಚಿಗೆ ಒಂದು ಸುತ್ತು ತಿರುಗುತ್ತವೆ. ಅಂದರೆ 39 ಇಂಚಿನ ನಳಿಗೆಯಲ್ಲಿ ಅರ್ಧ ಸುತ್ತು. ಸಲಾಕೆಯ ತುದಿಗೆ ಬಿಗಿಯಾಗಿ ಎಣ್ಣೆ ಬಟ್ಟೆ ಸುತ್ತಿ, ತಳದವರೆಗೆ ತಳ್ಳಿ, ಹೊರಗಿನ ತುದಿಯಲ್ಲಿ ಮೇಲ್ಮುಖವಾಗಿ ಸೀಮೆಸುಣ್ಣದ ಗುರುತು ಹಾಕಬೇಕು. ಆಮೇಲೆ ಸಲಾಕೆಗೆ ತಿರುಗಲು ಬಿಟ್ಟು ಹಗುರವಾಗಿ ಎಳೆಯಬೇಕು. ಗೀರಿದ್ದರೆ ಬಟ್ಟೆ ಅದನ್ನೇ ಹಿಡಿದು ಬರುತ್ತದೆ. ಹೊರಗೆ ಬರುವಷ್ಟರಲ್ಲಿ ಗುರುತು ನೆಲ ನೋಡುತ್ತಿರುತ್ತದೆ.

ನಮ್ಮದು ತಿರುಗಲಿಲ್ಲ. ದೊಡ್ಡಪ್ಪನದೂ ತಿರುಗಲಿಲ್ಲ. ಕ್ಯಾಮೆರಾದಲ್ಲಿ ಕಂಡದ್ದು ವರ್ಷಾನುಗಟ್ಟಲೆ ಸಲಾಕೆ ಉಜ್ಜಿದ ಗೆರೆಗಳು, ಉದ್ದುದ್ದಕ್ಕೆ. ಹಾಗಾದರೆ ಎರಡೂ ಬದಲಿಯೇ?

ಇಲ್ಲಿ ಲೇತ್ ಅಂಗಡಿಯಿಂದ ತಂದ ವರ್ನಿಯರ್ ಕೆಲಸಕ್ಕೆ ಬಂತು. ಗೀರಿನ ಎನ್‌ಫೀಲ್ಡ್ ಬಾಯಿ .577 ಇಂಚು, ಅಂದರೆ 14.66 ಮಿಲಿಮೀಟರ್. ನಮ್ಮದು 16.6 ತೋರಿಸಿತು. ದೊಡ್ಡಪ್ಪನದು 18.5. ಅದು ಶುದ್ಧ ಹನ್ನೆರಡು ಬೋರಿನ ಅಳತೆ, ಯಾವ ಎನ್‌ಫೀಲ್ಡಿಗೂ ಸೇರಿದ್ದಲ್ಲ. ನಮ್ಮ 16.6ಕ್ಕೆ ಮಾತ್ರ ಒಂದು ಕಥೆ ಇದೆ. 1857ರ ದಂಗೆಗೆ ಕಿಡಿ ಹೊತ್ತಿಸಿದ್ದು ಇದೇ ಎನ್‌ಫೀಲ್ಡಿನ ಕೊಬ್ಬು ಸವರಿದ ತೋಟಾ. ಅದಾದ ಮೇಲೆ ಭಾರತೀಯ ಸಿಪಾಯಿಗಳ ಕೈಗೆ ದೂರಕ್ಕೆ ಗುರಿ ಹಿಡಿಯುವ ಕೋವಿ ಕೊಡಲು ಬ್ರಿಟಿಷರಿಗೆ ಭಯ. ಹಾಗಾಗಿ ಅದೇ ರೂಪದ, ಆದರೆ ಒಳಗೆ ಗೀರಿಲ್ಲದ, ಸುಮಾರು .65 ಇಂಚು ಬಾಯಿಯ ಕೋವಿ ಮಾಡಿಸಿ ಕೊಟ್ಟರು. ಅದಕ್ಕೆ ಎತ್ತಿ ಇಳಿಸುವ ಏಣಿ ಗುರಿಯೂ ಇಲ್ಲ, ಬರೀ ಒಂದು ಗಟ್ಟಿ ತುಂಡು. ನಮ್ಮದರ ಮೇಲೆ ಇರುವುದೂ ಅದೇ. ನಮ್ಮ ಅಜ್ಜ ಅದನ್ನು ಮುರಿದ ಗುರಿ ಅಂತಲೇ ತಿಳಿದಿದ್ದರು, ಪಾಪ.

ಇಷ್ಟಾದರೂ ದೊಡ್ಡಪ್ಪ ಒಪ್ಪಲಿಲ್ಲ. ಕೊನೆಗೆ ಪಟ್ಟಿ ಸಡಿಲಿಸಿ, ಹಿಂದಿನ ತಿರುಪು ತೆಗೆದು, ಎರಡೂ ನಳಿಗೆಗಳನ್ನು ಮರದಿಂದ ಎತ್ತಿದೆವು. ನನ್ನ ಕೇಳಿದರೆ ಇದೇ ಎಲ್ಲಕ್ಕಿಂತ ಗಟ್ಟಿ ಪರೀಕ್ಷೆ. ನಿಪ್ಪಲ್ ಕೂರುವ ಉಬ್ಬು ಎನ್‌ಫೀಲ್ಡಿನಲ್ಲಿ ನಳಿಗೆಯದೇ ಭಾಗ. ಲಾಕ್ ಪ್ಲೇಟಿನ ಮೇಲಂಚಿನಲ್ಲಿ ಅರ್ಧಚಂದ್ರದ ಕಚ್ಚು ಇರುತ್ತದೆ, ಉಬ್ಬು ಅದರೊಳಗೆ ಕೂತುಬಿಡುತ್ತದೆ. ನಮ್ಮದರಲ್ಲಿ ಆ ಸಂದಿಗೆ ಬೀಡಿ ಕಾಗದವೂ ಹೋಗಲಿಲ್ಲ. ಅಡಿಯಲ್ಲಿ ಮಸಿಯಂಥ ಜಿಡ್ಡನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದಾಗ ಪುಟ್ಟ ಕಿರೀಟಗಳು, ನಳಿಗೆ ಮಾಡಿದವನ ಹೆಸರಿನ ಅಕ್ಷರಗಳು ಒಂದೊಂದೇ ಎದ್ದುಬಂದವು. ಮರಳು ಕಾಗದ ಹಾಕಿದ್ದರೆ ಅವೂ ಹೋಗುತ್ತಿದ್ದವು.

ದೊಡ್ಡಪ್ಪನದರಲ್ಲಿ ಉಬ್ಬನ್ನು ಬೇರೆಯಾಗಿ ಮಾಡಿ ತಿರುಪಿನಿಂದ ಕೂರಿಸಿದ್ದರು. ಬುಡದ ಸುತ್ತ ಹಿತ್ತಾಳೆ ಬೆಸುಗೆಯ ಹಳದಿ ಗೆರೆ. ಲಾಕಿನ ಕಚ್ಚಿನಲ್ಲಿ ಬೆಂಕಿಕಡ್ಡಿ ತೂರುವಷ್ಟು ಸಂದಿ. ಅಡಿಯಲ್ಲಿ ಅರದ ಗುರುತು ಬಿಟ್ಟರೆ ಒಂದಕ್ಷರವೂ ಇರಲಿಲ್ಲ.

ದೊಡ್ಡಪ್ಪ ಕನ್ನಡಕ ಏರಿಸಿಕೊಂಡು ಆ ಹಳದಿ ಗೆರೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಲಾಕನ್ನು ಪಂಚೆಯ ತುದಿಯಿಂದ ಒರೆಸುತ್ತ, "ಆದ್ರೂ ಲಾಕು ನಂದೇ ನಾಲ್ಕು ವರ್ಷ ದೊಡ್ಡದು, ಅಲ್ವಾ?" ಎಂದರು.

ಹೌದು ದೊಡ್ಡಪ್ಪ ಎಂದೆ.