ಗೇಟಿನವರೆಗೆ ಚೆನ್ನಾಗಿರುವ ನಿಲ್ದಾಣ

ಕಾರವಾರ ಮತ್ತು ಕುಮಟಾಗಳ ನಡುವಿನ ಒಂದು ಸಣ್ಣ ರೈಲು ನಿಲ್ದಾಣವನ್ನು ಹದಿನೈದು ವರ್ಷಗಳಿಂದ ಬಳಸುತ್ತಾ ಬಂದಿದ್ದೇನೆ. ಊರಿನ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಅಲ್ಲಿ ಒಂದು ಪಾಳಿಗೆ ಇರುವವರೇ ಇಬ್ಬರು, ಹೆಸರು ಬರೆದರೆ ದೂರೆಲ್ಲ ಅವರ ತಲೆಗೇ ಬರುತ್ತದೆ, ನನ್ನ ದೂರಾದರೋ ಅವರ ಮೇಲಲ್ಲ. ಎಕ್ಸ್‌ಪ್ರೆಸ್ ಗಾಡಿಗಳು ಇಲ್ಲಿ ನಿಲ್ಲುವುದಿಲ್ಲ. ಮಂಗಳೂರು–ಮಡಗಾಂವ್ ಪ್ಯಾಸೆಂಜರ್ ಗಾಡಿಯೇ ಈ ನಿಲ್ದಾಣದ ಜೀವ.

ನಿಲ್ದಾಣವಿರುವುದು ಕೊಂಕಣ ರೈಲ್ವೆಯ ಮಾರ್ಗದಲ್ಲಿ. ಕೊಂಕಣ ರೈಲ್ವೆ ನಿಗಮ ಸ್ಥಾಪನೆಯಾದದ್ದು 1990ರಲ್ಲಿ, ಜಾರ್ಜ್ ಫರ್ನಾಂಡಿಸ್ ರೈಲ್ವೆ ಸಚಿವರಾಗಿದ್ದಾಗ. ಇಂಜಿನಿಯರ್ ಇ. ಶ್ರೀಧರನ್ ಅವರ ಮುಂದಾಳತ್ವದಲ್ಲಿ ಕಟ್ಟಿದ, ಮಹಾರಾಷ್ಟ್ರದ ರೋಹಾದಿಂದ ಮಂಗಳೂರು ಬಳಿಯ ತೋಕೂರಿನವರೆಗಿನ 741 ಕಿ.ಮೀ. ಮಾರ್ಗವು 1998ರ ಜನವರಿ 26ರಂದು ಲೋಕಾರ್ಪಣೆಯಾಯಿತು. ನಿಗಮದಲ್ಲಿ ಕರ್ನಾಟಕ ಸರ್ಕಾರದ ಆರಂಭದ ಪಾಲು ಶೇಕಡಾ 15. ಅದಕ್ಕೆ ಮೊದಲು ನಮ್ಮ ಕಡೆಯವರು ರೈಲು ಹತ್ತಬೇಕೆಂದರೆ ಬಸ್ಸಿನಲ್ಲಿ ಘಟ್ಟ ಹತ್ತಿ ಹುಬ್ಬಳ್ಳಿಗೋ ತಾಳಗುಪ್ಪಕ್ಕೋ ಹೋಗಬೇಕಿತ್ತು. ಶಿರಸಿಯ ನೆಂಟರಿಗೆ ಇಂದಿಗೂ ಅದೇ ಗತಿ. ಅವರು ನಮ್ಮ ನಿಲ್ದಾಣವನ್ನು ನೋಡಿ ಹೊಟ್ಟೆಕಿಚ್ಚು ಪಡುವುದನ್ನು ನಾನು ಸ್ವಲ್ಪ ಖುಷಿಯಿಂದಲೇ ಅನುಭವಿಸಿದ್ದೇನೆ.

ನಿಲ್ದಾಣ ಊರಿನಿಂದ ಇಷ್ಟು ದೂರ ಏಕೆ ಎಂದು ಹೊಸಬರು ಕೇಳುತ್ತಾರೆ. ಗಂಟೆಗೆ 160 ಕಿ.ಮೀ. ವೇಗವನ್ನು ತಾಳಿಕೊಳ್ಳುವಂತೆ ಈ ಮಾರ್ಗವನ್ನು ರೂಪಿಸಿದ್ದರಿಂದ ತಿರುವಿನ ತ್ರಿಜ್ಯ 1250 ಮೀಟರಿಗಿಂತ ಕಡಿಮೆಯಾಗದಂತೆ, ಏರು 150ಕ್ಕೆ ಒಂದನ್ನು ಮೀರದಂತೆ ನೋಡಿಕೊಳ್ಳಲಾಗಿತ್ತು. ನಮ್ಮ ಹಳೆಯ ಊರುಗಳಾದರೋ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳ ಅಳಿವೆಗೆ ಅಂಟಿಕೊಂಡು ಬೆಳೆದವು. ಊರೂರಿಗೆ ಬಳುಕಿ ಹೋಗುವ ಹಳಿ ಇದಲ್ಲ. ಕಾರವಾರದ ನಿಲ್ದಾಣವೂ ಪೇಟೆಯಲ್ಲಿಲ್ಲ, ಶಿರವಾಡದಲ್ಲಿದೆ. ಗೋಕರ್ಣಕ್ಕೆ ಹೋಗುವವರು ಇಳಿಯುವ ನಿಲ್ದಾಣದ ಹೆಸರೇ ‘ಗೋಕರ್ಣ ರೋಡ್’. ರೈಲ್ವೆಯವರು ಹೆಸರಿನ ಕೊನೆಗೆ ‘ರೋಡ್’ ಎಂದು ಸೇರಿಸಿದರೆ ಊರು ಇನ್ನೂ ಮುಂದಿದೆ, ರಸ್ತೆ ಹಿಡಿಯಿರಿ ಎಂದು ತಿಳಿಯಬೇಕು.

ಸೇವೆಯ ವಿಷಯಕ್ಕೆ ಬರುತ್ತೇನೆ. ಟಿಕೆಟ್ ಕಿಟಕಿ ಗಾಡಿಗೆ ಮೊದಲು ತಪ್ಪದೆ ತೆರೆಯುತ್ತದೆ, ಚಿಲ್ಲರೆಗಾಗಿ ಜಗಳವಿಲ್ಲ. ದರ ಮಾತ್ರ ಲೆಕ್ಕ ಹಾಕುವವರಿಗೆ ಒಗಟಾಗಿ ಕಾಣಬಹುದು: ಮಾರ್ಗ ಕಟ್ಟಿದ ಖರ್ಚನ್ನು ತುಂಬಿಕೊಳ್ಳಲು ಇಲ್ಲಿ ದೂರವನ್ನೇ ಶೇಕಡಾ 40ರಷ್ಟು ಹೆಚ್ಚಿಸಿ ಟಿಕೆಟ್ ಹಣವನ್ನು ನಿಗದಿಪಡಿಸುವ ಪದ್ಧತಿಯಿದೆ. ಹಾಗಿದ್ದರೂ ಬಸ್ಸಿಗಿಂತ ಅಗ್ಗ. ಕುಡಿಯುವ ನೀರಿನ ನಲ್ಲಿಯಲ್ಲಿ ನೀರಿದೆ, ಕಲ್ಲಿನ ಬೆಂಚುಗಳು ಸ್ವಚ್ಛವಾಗಿವೆ, ಶೌಚಾಲಯಕ್ಕೆ ಬೀಗವಿದ್ದು ಕೇಳಿದರೆ ಕೀಲಿ ಕೊಡುತ್ತಾರೆ. ಚಹಾ ಸಿಗುವುದಿಲ್ಲ.

ಪ್ಲಾಟ್‌ಫಾರ್ಮ್ ಹಳಿಯ ಮಟ್ಟದಲ್ಲೇ ಇರುವುದರಿಂದ ಮೊಣಕಾಲು ನೋವಿರುವವರಿಗೆ ಡಬ್ಬಿಯ ಮೆಟ್ಟಿಲು ಎದೆಯೆತ್ತರಕ್ಕೆ ಕಾಣುತ್ತದೆ. ಹಿಂದಿನ ವರ್ಷ ಆಯಿಯನ್ನು ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ಯುವಾಗ ಸ್ಟೇಷನ್ ಮಾಸ್ತರರು ಬಾವುಟವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ತಾವೇ ಒಂದು ಪ್ಲಾಸ್ಟಿಕ್ ಸ್ಟೂಲು ತಂದಿಟ್ಟು, “ಸಾವಕಾಶ ಹತ್ತಿ ಅಮ್ಮಾ, ನೀವು ಹತ್ತದೇ ಗಾಡಿ ಬಿಡೂದಿಲ್ಲ” ಎಂದರು. ಸ್ಟೂಲಿನ ಒಂದು ಕಾಲಿಗೆ ಹಳೆಯ ಸೈಕಲ್ ಟ್ಯೂಬು ಸುತ್ತಿತ್ತು, ಜಾರದಿರಲೆಂದು. ಅದು ಅಂದು ನಮಗಾಗಿ ಹುಡುಕಿದ ಸ್ಟೂಲಲ್ಲ, ದಿನವೂ ಬಳಕೆಯಲ್ಲಿರುವುದು ಎಂಬುದು ಅದರಿಂದಲೇ ತಿಳಿಯಿತು. ಪ್ಲಾಟ್‌ಫಾರ್ಮ್ ಎತ್ತರಿಸುವುದೇ ಸರಿಯಾದ ಪರಿಹಾರವೆನ್ನುವುದರಲ್ಲಿ ಸಂಶಯವಿಲ್ಲ.

ಈ ಭಾಗದಲ್ಲಿ ಇಂದಿಗೂ ಒಂಟಿ ಹಳಿ. ಆದ್ದರಿಂದ ಎಕ್ಸ್‌ಪ್ರೆಸ್ಸಿಗೆ ದಾರಿ ಬಿಡಲು ಪ್ಯಾಸೆಂಜರ್ ಗಾಡಿಯು ಲೂಪಿನಲ್ಲಿ, ಅಂದರೆ ನಿಲ್ದಾಣದ ಪಕ್ಕದ ಹಳಿಯಲ್ಲಿ, ನಿಂತು ಕಾಯುತ್ತದೆ, ಕೆಲವೊಮ್ಮೆ ಅರ್ಧ ತಾಸು. ಸಿಟ್ಟು ಬರುವ ವಿಷಯವೇ. ಆದರೆ ಮೇ ತಿಂಗಳಲ್ಲಿ ಹಾಲಕ್ಕಿ ಸಮುದಾಯದ ಹೆಂಗಸರು ಅಂಕೋಲಾದ ಕರಿ ಈಶಾಡ ಮಾವಿನ ಬುಟ್ಟಿಗಳೊಂದಿಗೆ ಅದೇ ಡಬ್ಬಿಯಲ್ಲಿದ್ದರೆ ಕ್ರಾಸಿಂಗ್ ಮುಗಿಯುವಷ್ಟರಲ್ಲಿ ಅರ್ಧ ಬುಟ್ಟಿ ಖಾಲಿಯಾಗಿರುತ್ತದೆ. 2022ರಲ್ಲಿ ಇಡೀ ಮಾರ್ಗದ ವಿದ್ಯುದೀಕರಣ ಮುಗಿದು ಡೀಸೆಲ್ ಹೊಗೆ ಕಡಿಮೆಯಾಗಿದೆಯೇ ಹೊರತು ಕಾಯುವುದು ತಪ್ಪಿಲ್ಲ. ಮಳೆಗಾಲಕ್ಕೆ ಪ್ರತ್ಯೇಕ ವೇಳಾಪಟ್ಟಿಯಿದ್ದು, ಗುಡ್ಡ ಕಡಿದು ಹಳಿ ಹಾಕಿದ ಕಡೆಗಳಲ್ಲಿ ಮಣ್ಣು ಕುಸಿಯುವ ಭಯದಿಂದ ಗಾಡಿಗಳು ನಿಧಾನವಾಗಿ ಓಡುತ್ತವೆ, ಹಳಿಯ ಮೇಲೆ ರಾತ್ರಿಯೂ ಕಾವಲುಗಾರರು ನಡೆಯುತ್ತಾರೆ. ಆ ತಡವನ್ನು ನಾನು ದೂರೆಂದು ಎಣಿಸುವುದಿಲ್ಲ.

ನಿಜವಾದ ತೊಂದರೆ ಗೇಟಿನ ಆಚೆ ಶುರುವಾಗುತ್ತದೆ. ಅಲ್ಲಿಂದ ಹೆದ್ದಾರಿಗೆ ಒಂದೂವರೆ ಕಿ.ಮೀ.; ಒಂದು ಬದಿ ಗದ್ದೆ, ಇನ್ನೊಂದು ಬದಿ ಚಿರೇಕಲ್ಲಿನ ಗೋಡೆ, ಬೀದಿದೀಪವಿಲ್ಲ. ರೈಲ್ವೆಯವರನ್ನು ಕೇಳಿದರೆ ರಸ್ತೆ ತಮ್ಮದಲ್ಲ ಎನ್ನುತ್ತಾರೆ, ಊರಿನವರನ್ನು ಕೇಳಿದರೆ ಸ್ಟೇಷನ್ ರಸ್ತೆ ರೈಲ್ವೆಯದೇ ಎನ್ನುತ್ತಾರೆ. ಕಳೆದ ಆಷಾಢದಲ್ಲಿ ಮಧ್ಯಾಹ್ನದ ಗಾಡಿ ನಾಲ್ಕು ತಾಸು ತಡವಾಗಿ ಕತ್ತಲಾದ ಮೇಲೆ ಬಂತು. ಆಯಿ ಕೊಡೆ ಹಿಡಿದು ನಿಂತಿದ್ದಳು. ಅಲ್ಲಿದ್ದ ಒಂದೇ ರಿಕ್ಷಾದವನು ಇಷ್ಟು ದೂರಕ್ಕೆ ಮುನ್ನೂರು ರೂಪಾಯಿ ಕೇಳಿದನು, ಕೊಟ್ಟೆನು. ಗಾಡಿಯ ಹೊತ್ತಿಗೆ ಹೆದ್ದಾರಿಯಿಂದ ಒಂದು ಬಸ್ಸು ಒಳಗೆ ಬಂದು ಹೋಗುವಂತಾದರೆ, ಇಲ್ಲಿಂದ ಹತ್ತುವವರ ಸಂಖ್ಯೆ ಹೆಚ್ಚುವುದು ಖಂಡಿತ ಎಂದು ನನ್ನ ಅಭಿಪ್ರಾಯ.

ಅಲ್ಲಿಯವರೆಗೆ, ಹಗಲಿನ ಪ್ರಯಾಣಕ್ಕೆ ಈ ನಿಲ್ದಾಣವನ್ನು ಧೈರ್ಯವಾಗಿ ಬಳಸಬಹುದು. ಜೂನ್‌ನಿಂದ ಅಕ್ಟೋಬರ್‌ವರೆಗೆ ಬರುವವರು ಪರಿಚಯದ ರಿಕ್ಷಾದವರ ನಂಬರ್ ಇಟ್ಟುಕೊಂಡು, ಹಿಂದಿನ ನಿಲ್ದಾಣ ಬಿಟ್ಟ ಕೂಡಲೇ ಫೋನು ಮಾಡಿರಿ. ಮುಂದೆ ಸುರಂಗದಲ್ಲಿ ಸಿಗ್ನಲ್ ಹೋಗುತ್ತದೆ.